ಆಚೆ ದಂಡೆ ಇಲ್ಲದ ನೀರು

ಐವತ್ತೊಂದನೆಯ ವಯಸ್ಸಿನಲ್ಲಿ ಓಬಳೆಪ್ಪ ಸಮುದ್ರದ ಕೆಲಸಕ್ಕೆ ಹೊರಟಾಗ ಊರಿನವರು ಮೊದಲು ನಂಬಲಿಲ್ಲ, ಆಮೇಲೆ ನಕ್ಕರು. ಮಂಗಳೂರಿಗೆ ಹೊಂಟೀನಿ ಎಂದರೆ ಚಹಾದಂಗಡಿಯ ಕಳಕಮ್ಮ, “ಯಲಬುರ್ಗಾ ಕಡೀ ಮಂಗಳೂರು ಹಳ್ಳಿಗೇನೋ? ಅಲ್ಲಿಗೆ ಸಮುದ್ರ ಯಾವಾಗ ಬಂತು?” ಎಂದು ಕೇಳಿ, ಕುಂತವರನ್ನೆಲ್ಲ ನಗಿಸಿದಳು.

ಹೆಂಡತಿ ಮುದಕಮ್ಮ ಮಾತ್ರ ನಗಲಿಲ್ಲ.

“ನಿನ್ನ ವಾರಗಿಯವರು ಮೊಮ್ಮಕ್ಕಳನ್ನ ಆಡಸ್ಕೋತ ಕುಂತಾರ. ನೀ ಹೋಗಿ ಬೋಟಿನ್ಯಾಗ ಮಂದಿಗೆ ಅನ್ನಾ ಬೇಸಿ ಹಾಕ್ತಿ. ಮನ್ಯಾಗ ಒಂದಿನಾ ಒಲಿ ಮುಂದ ಕುಂತೀಯೇನು?”

“ನೀರಿನ ಮ್ಯಾಗಿನ ಕೆಲ್ಸ ನನಗೇನು ಹೊಸಾದಲ್ಲ.”

“ಬುಟ್ಟಿ ತಿರುವಿದಂಗಲ್ಲ ಅದು. ಇದು ಹೊಳಿ. ಅದು...” ಮುದಕಮ್ಮ ಸಮುದ್ರ ಕಂಡವಳಲ್ಲ. ಸ್ವಲ್ಪ ಯೋಚಿಸಿ, “ಅದು ಉಪ್ಪುನೀರು” ಎಂದಳು.

ಬುಟ್ಟಿ ಎಂದರೆ ಹರಗೋಲು. ಓಬಳೆಪ್ಪನ ಅಪ್ಪ, ಅಜ್ಜ ಎಲ್ಲರೂ ತುಂಗಭದ್ರೆಯ ಅಂಬಿಗರು. ಊರ ಕೆಳಗೆ ಹೊಳೆಯ ನಡುವೆ ಒಂದು ಗಡ್ಡಿ ಇದೆ. ಸುತ್ತ ನೀರು, ನಡುವೆ ಭತ್ತದ ಗದ್ದೆ, ಬಾಳೆ ತೋಟ. ಅಲ್ಲಿಗೆ ಆಳುಕಾಳು, ಗೊಬ್ಬರದ ಚೀಲ, ಒಮ್ಮೊಮ್ಮೆ ಮೇಕೆಗಳನ್ನು ದಾಟಿಸುತ್ತ ಓಬಳೆಪ್ಪ ಮೂವತ್ತು ವರ್ಷ ಕಳೆದಿದ್ದ. ಈಗ ಕೇಳಿದವರಿಗೆಲ್ಲ, “ಮ್ಯಾಲಿನ ಕಡೆ ಬ್ರಿಡ್ಜ್ ಆತಲ್ಲ, ನನ್ನ ಬುಟ್ಟಿ ಯಾರಿಗೆ ಬೇಕು?” ಎನ್ನುತ್ತಿದ್ದ. ಬ್ರಿಡ್ಜಿನಿಂದ ಗಡ್ಡಿಗೆ ದಾರಿಯೇ ಇಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಯಾರೂ ಎದುರು ಮಾತಾಡಲಿಲ್ಲ. ನಿಜವಾದ ಕಾರಣ ಅವನೊಬ್ಬನಿಗೇ ಗೊತ್ತಿತ್ತು. ಪಂಪ್‌ಸೆಟ್ ರಿಪೇರಿಯ ಮರ್ದಾನಸಾಬ ಹೊಳೆಯಲ್ಲಿ ಮುಳುಗಿ ಹೋದ ದಿನ, ಅವನು ಕರೆದದ್ದು ಓಬಳೆಪ್ಪನಿಗೆ ಕೇಳಿಸಿತ್ತು. ಊರಿಗೆಲ್ಲ ಅವನು ಹೇಳಿದ್ದು, ಕೇಳಿಸಲಿಲ್ಲ ಎಂದು.

ಅಂಬಿಗರಲ್ಲಿ ಒಂದು ಕಟ್ಟಳೆ ಇದೆ. ಬಂಡೆಗಳ ನಡುವಿನ ಆ ಜಾಗದಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ, ಆಚೆಯಿಂದ ಬರುವವರು ಈಗಲೂ ಕೂಗಿಯೇ ಕರೆಯಬೇಕು. ಹಗಲಲ್ಲಾದರೆ ಒಂದು ಕೂಗಿಗೇ ಹರಗೋಲು ಬಿಡಬಹುದು. ಹೊತ್ತು ಇಳಿದ ಮೇಲೆ ಮಾತ್ರ ಮೂರು ಸಲ ಕರೆಯುವ ತನಕ ಓಗೊಡಬಾರದು, ಏಳಲೂಬಾರದು. ಹೊಳೆಯಲ್ಲಿ ಹೋದವರು ಸಂಜೆಗೆ ಕರೆಯುತ್ತಾರೆ, ಗುರುತಿದ್ದವರ ದನಿಯಲ್ಲೇ ಕರೆಯುತ್ತಾರೆ, ಆದರೆ ಮೂರನೆಯ ಸಲ ಕರೆಯಲು ಅವರಿಗೆ ಉಸಿರಿರುವುದಿಲ್ಲ. ಇದನ್ನು ಅಪ್ಪ ಹೇಳಿದ್ದ. ಅಪ್ಪನಿಗೆ ಅಜ್ಜ ಹೇಳಿದ್ದ. ಊರಿನ ಎಲ್ಲರಿಗೂ ಗೊತ್ತಿದ್ದ ಮಾತು ಇದು. ಮರ್ದಾನಸಾಬನಿಗೂ ಗೊತ್ತಿತ್ತು.

ಅವತ್ತು ಮರ್ದಾನಸಾಬ ಗಡ್ಡಿಯಲ್ಲಿರುವುದು ಓಬಳೆಪ್ಪನಿಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಹೊಳೆ ಮೊಳಕಾಲುದ್ದ ಇದ್ದುದರಿಂದ ಅವನು ಮೇಲುಗಡೆ ನಡೆದೇ ದಾಟಿದ್ದ. ಮಧ್ಯಾಹ್ನದ ಮೇಲೆ ಡ್ಯಾಮಿನಿಂದ ನೀರು ಬಿಟ್ಟರು, ಹೊಳೆ ಏರಿತು. ಹೊತ್ತು ಮುಳುಗುವಾಗ ಓಬಳೆಪ್ಪ ದಂಡೆಯ ಚಪ್ಪಟೆ ಕಲ್ಲಿನ ಮೇಲೆ ಕೂತು ಬೀಡಿ ಹಚ್ಚಿದ್ದ. ಎದುರು ಗಡ್ಡಿಯ ಹಿಂದೆ ಸೂರ್ಯ. ಕಣ್ಣು ಬಿಟ್ಟರೆ ಬರೀ ಬೆಂಕಿಯಂಥ ಬೆಳಕು, ಬೇರೇನೂ ಕಾಣದು.

“ಓ... ಓಬಳ್ಯಾ...”

ಮರ್ದಾನನ ದನಿ. ಅವನಂತೆ ‘ಓಬಳ್ಯಾ’ ಎಂದು ಎಳೆದು ಕರೆಯುವವರು ಇನ್ಯಾರೂ ಇರಲಿಲ್ಲ. ಓಬಳೆಪ್ಪ ಅರ್ಧ ಎದ್ದ. ಇವನು ಗಡ್ಡಿಗೆ ಹೋಗಿಯೇ ಇಲ್ಲ, ನಾನು ದಾಟಿಸಿಯೇ ಇಲ್ಲವಲ್ಲ ಎಂದು ಹೊಳೆಯಿತು. ಮೈ ಜುಮ್ಮೆಂದು ಮತ್ತೆ ಕೂತ. ಎರಡನೆಯ ಸಲ ಕರೆ ಬಂತು. ಬೀಡಿ ಕೈಯಲ್ಲೇ ಆರಿತು. ಮೂರನೆಯದು ಬರಲಿಲ್ಲ. ಸದ್ಯ, ಉಳಿದೆ ಅಂದುಕೊಂಡು ಮನೆಗೆ ಹೋಗಿ ಉಂಡ.

ಮೂರನೆಯ ದಿನ ಮರ್ದಾನಸಾಬ ಕೆಳಗಿನ ಮಡುವಿನಲ್ಲಿ ಹೆಣವಾಗಿ ಸಿಕ್ಕ. ಏರಿದ ನೀರಲ್ಲಿ ನಡೆದೇ ದಾಟಲು ಹೋಗಿದ್ದ. ಅವನ ಹೆಂಡತಿ ಹಸೀನಾಬೇಗಂ ಎಲ್ಲರೆದುರು ಒಂದೇ ಮಾತು ಕೇಳಿದಳು: “ಓಬಳಣ್ಣ, ನಿನಗ ಕೇಳಸ್ಲಿಲ್ಲೇನು?”

“ಇಲ್ಲ ಭಾಬಿ.”

“ಮತ್ತೇನ್ಮಾಡ್ತಿ,” ಎಂದಳು ಅವಳು. “ಗಾಳಿ ಆ ಕಡಿಗಿರಬೇಕು.”

ಅಂದಿನಿಂದ ದಿನಾ ಹೊತ್ತು ಮುಳುಗುವಾಗ ಎರಡು ಕರೆ. ಕಲ್ಲಿನ ಮೇಲೆ ಕೂತರೂ ಕೇಳುತ್ತಿತ್ತು, ಮನೆಯ ಕದ ಹಾಕಿಕೊಂಡರೂ ಕೇಳುತ್ತಿತ್ತು. ತಂಗಿಯ ಮಗ ಗಾಳೇಶ ನಾಲ್ಕು ವರ್ಷದಿಂದ ಮಂಗಳೂರು ಬಂದರಿನ ದಕ್ಕೆಯಲ್ಲಿ ಮೀನಿನ ಬೋಟಿನ ಕೆಲಸಕ್ಕಿದ್ದ. ಅವನು ಊರಿಗೆ ಬಂದಾಗ ಮಾತಿಗೆ, “ಸುತ್ತ ಎಲ್ಲಿ ನೋಡಿದ್ರೂ ನೀರ ಮಾವಾ, ಆಚೀ ದಂಡಿನ ಇಲ್ಲ” ಎಂದ. ಓಬಳೆಪ್ಪನ ಮನಸ್ಸಿನಲ್ಲಿ ಆ ಮಾತು ಕೂತುಬಿಟ್ಟಿತು. ಆಚೆ ದಂಡೆಯೇ ಇಲ್ಲದ ನೀರು! ನಿಂತು ಕರೆಯಲು ಯಾರಿಗೂ ಜಾಗವೇ ಇಲ್ಲದ ನೀರು.

“ನಿಮ್ಮ ಬೋಟಿನ್ಯಾಗ ನನಗೇನರ ಕೆಲ್ಸ ಸಿಗತೈತೇನೋ?”

“ಈ ವಯಸ್ಸಿಗೆ ಬಲಿ ಎಳಿಯಾಕ ಆಗತೈತೇನು ಮಾವಾ? ಅಡಗಿ ಮಾಡಾವ ಬಿಟ್ಟು ಹೋಗ್ಯಾನ. ಆ ಕೆಲ್ಸ ಐತಿ ನೋಡು.”

ಹಾಗೆ ಓಬಳೆಪ್ಪ ಅಡುಗೆಯವನಾದ.

ಮೊದಲ ಸಲ ಹೋದಾಗ ಹತ್ತು ದಿನದಲ್ಲಿ ಆರು ದಿನ ವಾಂತಿ. ಹೊಳೆಯ ಸುಳಿಯಲ್ಲಿ ಹರಗೋಲನ್ನು ಬುಗುರಿಯಂತೆ ತಿರುಗಿಸಿದವನು, ಇಲ್ಲಿ ಗ್ಯಾಸ್ ಸಿಲಿಂಡರ್ ತಬ್ಬಿಕೊಂಡು ಮಲಗಿದ್ದ. ಬೋಟಿನಲ್ಲಿ ಎಂಟು ಜನ. ತಾಂಡೇಲ, ಅಂದರೆ ಬೋಟಿನ ಯಜಮಾನಿಕೆ ಮಾಡುವವನು, ಸೇಸಪ್ಪ. ಕಡಲ ಕಡೆಯವನು, ವಯಸ್ಸಿನಲ್ಲಿ ಓಬಳೆಪ್ಪನಿಗಿಂತ ಹತ್ತು ವರ್ಷ ಚಿಕ್ಕವನು. ಅವನಿಗೆ ಕುಚ್ಚಲಕ್ಕಿ ಗಂಜಿ ಬೇಕು. ಗಾಳೇಶ, ಕುಷ್ಟಗಿಯ ಆಂಜನೇಯ ಮತ್ತು ಅವರ ಕಡೆಯವರಿಗೆ ರೊಟ್ಟಿ ಬೇಕು.

“ಎಂತದು ಮಾರಾಯ್ರೆ ಇದು?” ಸೇಸಪ್ಪ ತಟ್ಟೆ ಎತ್ತಿ ತೋರಿಸಿದ. “ಕುಚ್ಚಲಕ್ಕಿ ಬೇಯ್ಲೇ ಇಲ್ಲ. ಕಲ್ಲು ಉಂಟು ಕಲ್ಲು.”

“ನಮ್ಮ ಗಂಗಾವತಿ ಅಕ್ಕಿ ಎರಡು ಕುದಿಗೆ ಅನ್ನ ಆಗತೈತ್ರಿ. ಇದೇನು ಅಕ್ಕಿನೋ ಏನು ಹಟಾನೋ!”

ಆಂಜನೇಯ ನಗುತ್ತ, “ಕಾಕಾ, ರೊಟ್ಟಿ ಮಾತ್ರ ಬೋಟಿನಂಗ ಆಗ್ಯಾವು ನೋಡು. ಒಂದು ಕಡಿ ಎತ್ತರ, ಒಂದು ಕಡಿ ತಗ್ಗ” ಎಂದ.

ಬೈಗುಳವೆಲ್ಲ ಓಬಳೆಪ್ಪನಿಗೆ ಸಿಹಿಯಾಗಿತ್ತು. ಏಕೆಂದರೆ ಆ ಹತ್ತು ಸಂಜೆಗಳಲ್ಲಿ ಒಮ್ಮೆಯೂ ಕರೆ ಬಂದಿರಲಿಲ್ಲ. ಸೂರ್ಯ ನೀರಿಗಿಳಿಯುತ್ತಿದ್ದ, ಎಂಜಿನ್ ಗುಡುಗುತ್ತಿತ್ತು, ಅಷ್ಟೇ. ದಕ್ಕೆಯಲ್ಲಿ ಇಳಿದು ಮುದಕಮ್ಮನಿಗೆ ಫೋನ್ ಮಾಡಿ, “ಸಾಯೂತನ ಇಲ್ಲೇ ಇರ್ತೀನಿ ನೋಡು” ಎಂದ. ಅವಳು, “ಇರು, ನಾನೇನು ಹಿಡದೀನೇನು?” ಎಂದಳು.

ಎರಡನೆಯ ಸಲ ಹೋದಾಗ, ನಾಲ್ಕನೆಯ ಸಂಜೆ, ಬೋಟಿನ ಹಿಂಭಾಗದಲ್ಲಿ, ಊರಿಂದ ತಂದ ಬೂದಿಯಿಂದ ಪಾತ್ರೆ ತಿಕ್ಕುತ್ತಿದ್ದ.

“ಓ... ಓಬಳ್ಯಾ...”

ಅನ್ನದ ಬೋಗುಣಿ ಕೈಜಾರಿತು. ಎಂಜಿನ್ನಿನ ಸದ್ದಿಗೆ ಎರಡು ಮಾರು ದೂರದ ಮನುಷ್ಯನ ಮಾತೇ ಕೇಳದ ಜಾಗ ಅದು. ಈ ದನಿ ಮಾತ್ರ ಹೊಳೆ ದಾಟಿ ಬಂದಷ್ಟೇ ಸ್ಪಷ್ಟವಾಗಿತ್ತು. ಸುತ್ತ ನೋಡಿದ. ಗಡ್ಡಿ ಇಲ್ಲ, ಬಂಡೆ ಇಲ್ಲ, ಇನ್ನೊಂದು ಬೋಟೂ ಇಲ್ಲ. ಎರಡನೆಯ ಕರೆ ನೀರಿನ ಮಟ್ಟದಿಂದಲೇ ಬಂತು, ಕತ್ತಿನ ತನಕ ಮುಳುಗಿದವನು ಕರೆದಂತೆ. ಓಬಳೆಪ್ಪ ಮೂರನೆಯದಕ್ಕೆ ಕಾದ. ಕತ್ತಲಾಯಿತು. ಗಾಳೇಶ ಬಂದು, “ಏನ್ ಮಾವಾ, ಬೂದಿ ಹಚಿಗೊಂಡು ಸನ್ಯಾಸಿ ಆದೇನು?” ಎಂದಾಗಲೇ ಬೂದಿ ಮೆತ್ತಿದ ಕೈ ನೋಡಿಕೊಂಡದ್ದು.

ಆಮೇಲೆ ದಿನಾ ಅದೇ. ಮೂರನೆಯ ಸಲ ಹೋಗುವ ಹೊತ್ತಿಗೆ ಅವನ ತಲೆಯಲ್ಲಿ ಬೇರೊಂದು ಹುಳ ಹೊಕ್ಕಿತ್ತು. ಹೊಳೆಯಲ್ಲಿ ಹೀಗೇ ಅಲ್ಲವೇ ಆದದ್ದು? ಸತ್ತವರ ಕರೆ ಅಂದುಕೊಂಡೆ, ಅದು ಬದುಕಿದ್ದವನದಾಗಿತ್ತು. ಈ ಸಲವೂ ಹಾಗಾದರೆ? ರಾತ್ರಿ ಹಗಲು ಬೋಟುಗಳು ಓಡಾಡುವ ಕಡಲು, ಯಾರೋ ಬಿದ್ದಿದ್ದರೆ?

ಐದನೆಯ ಸಂಜೆ ಮೊದಲ ಕರೆಗೇ ಬಾಯಿ ತೆರೆದ.

“ಮನಷ್ಯಾ! ನೀರಾಗ ಮನಷ್ಯಾ ಅದಾನ! ನಿಲ್ಲಸ್ರೀ!”

ಕಡಲಲ್ಲಿ ಆ ಮಾತಿಗೆ ಎರಡು ಯೋಚನೆ ಇಲ್ಲ. ಸೇಸಪ್ಪ ಎಂಜಿನ್ ಇಳಿಸಿ ಬೋಟು ತಿರುಗಿಸಿದ. ಎಳೆಯುತ್ತಿದ್ದ ಬಲೆ ತಳದ ಕಲ್ಲಿಗೆ ಸಿಕ್ಕಿ ಹರಿಯಿತು. ಬೋಟಿನಲ್ಲಿದ್ದವರ ತಲೆ ಎಣಿಸಿದರು. ಎಂಟಕ್ಕೆ ಎಂಟೂ ಇದ್ದವು. ಕತ್ತಲಾಗುವ ತನಕ ಸುತ್ತು ಹಾಕಿದರು. ಒಂದು ಪ್ಲಾಸ್ಟಿಕ್ ಡಬ್ಬ ಸಿಕ್ಕಿತು.

ಎರಡು ದಿನ ಬಿಟ್ಟು ಮತ್ತೆ ಕೂಗಿದ. ಮತ್ತೆ ನಿಲ್ಲಿಸಿದರು. ಏನೂ ಇರಲಿಲ್ಲ.

ಸೇಸಪ್ಪ ಬೈಯಲಿಲ್ಲ, ಅದೇ ಹೆಚ್ಚು ಹೆದರಿಸಿತು. ಕ್ಯಾಬಿನ್ನಿಗೆ ಕರೆದು ಹೇಳಿದ: “ನೋಡಿ ಓಬಳೆಪ್ಪಣ್ಣ, ಒಂದು ಸಲ ಹರಿದ ಬಲೆ ಹೊಲಿಬಹುದು. ಆದರೆ ಹುಡುಗರು ಈಗ ನೀವು ಕೂಗಿದ್ರೆ ನಗ್ತಾರೆ. ನಾಳೆ ನಿಜವಾಗಿ ಒಬ್ಬ ಬಿದ್ದ ಅಂತ ಇಟ್ಟುಕೊಳ್ಳಿ, ಆಗಲೂ ನಗ್ತಾರೆ. ಊರಿಗೆ ಹೋಗಿ. ನಿಮ್ಮ ಕಿವಿಯಲ್ಲಿ ಎಂತ ಉಂಟೋ ಅದನ್ನು ಇತ್ಯರ್ಥ ಮಾಡಿ ಬನ್ನಿ. ಆಗದಿದ್ರೆ ಬರಬೇಡಿ.”

ಹೊರಗೆ ಗಾಳೇಶ ಕಾಯುತ್ತಿದ್ದ. “ಯಾರ ಮಾವಾ ಕರಿಯಾವ್ರು?”

ಓಬಳೆಪ್ಪ ಆವತ್ತು ಮೊದಲ ಬಾರಿಗೆ ಹೇಳಿದ. ಕಲ್ಲು, ಬೀಡಿ, ಎರಡು ಕರೆ, ಮನೆಗೆ ಹೋಗಿ ಉಂಡದ್ದು. ಗಾಳೇಶ ಹರಿದ ಬಲೆಯ ದಾರವನ್ನು ಬೆರಳಿಗೆ ಸುತ್ತುತ್ತ ಕೇಳಿದ. ಮರ್ದಾನಸಾಬನ ಮಗ ಅಕ್ಬರ ಅವನ ಜೊತೆ ಶಾಲೆ ಕಲಿತವನು.

“ಅಕ್ಬರ ನನ್ನ ಕೇಳಿದ್ದ. ನಿಮ್ಮ ಮಾವಗ ಖರೇನ ಕೇಳಿಲ್ಲೇನಲೇ ಅಂತ. ನಾ ಆಣಿ ಮಾಡೀನಿ ಮಾವಾ. ನಮ್ಮವ್ವನ ಆಣಿ.”

“ತಪ್ಪಾತಪ್ಪಾ.”

“ನನಗ್ಯಾಕ ಹೇಳ್ತಿ? ಅವರಿಗೆ ಹೇಳು. ನೀ ಹೇಳದಿದ್ರ ನಾ ಹೇಳ್ತೀನಿ.”

ಮರುದಿನ ಮಧ್ಯಾಹ್ನ ದಂಡೆ ಹತ್ತಿರವಾದಾಗ ಎಲ್ಲರ ಫೋನುಗಳೂ ಒಟ್ಟಿಗೇ ಕಿಣಿಕಿಣಿ ಎಂದವು. ಆಂಜನೇಯ ಹೆಂಡತಿಗೆ ಫೋನಿನಲ್ಲೇ ಮುದ್ದು ಮಾಡುತ್ತಿದ್ದ. ಓಬಳೆಪ್ಪ ಐಸಿನ ಪೆಟ್ಟಿಗೆಯ ಮರೆಗೆ ಹೋಗಿ ಹಸೀನಾಬೇಗಂಗೆ ಫೋನ್ ಹಚ್ಚಿದ.

“ಭಾಬಿ, ನಾನು ಓಬಳೆಪ್ಪ.”

“ಹೇಳಣ್ಣ. ಸಮುದ್ರದಾಗ ಆರಾಮದೀಯಂತಲ್ಲ? ಮುದಕಮ್ಮ ಹೇಳಿದ್ಳು.”

“ಭಾಬಿ, ಅವತ್ತು ನನಗ ಕೇಳಿಸಿತ್ತು.”

ಆ ಕಡೆ ಏನೋ ಪಾತ್ರೆ ಇಟ್ಟ ಸದ್ದು.

“ಎಷ್ಟು ಸಲ?”

“ಎರಡು.”

“ಹೆಂಗ ಕರದ?”

“ಓಬಳ್ಯಾ ಅಂತ. ಯಾವಾಗ್ಲೂ ಕರಿತಿದ್ನಲ್ಲ, ಹಂಗ.”

“ಅಂಜಿದಂಗ ಇತ್ತೇನು ದನಿ?”

“ಇಲ್ಲ ಭಾಬಿ. ಮಾಮೂಲಿ ಇತ್ತು. ಮನಿಗೆ ಹೊಂಟಾವ್ರ ದನಿ.”

“ಹಂ,” ಎಂದಳು. ಅತ್ತಳೋ ಇಲ್ಲವೋ ತಿಳಿಯಲಿಲ್ಲ. “ಮೂರ ಸಲ ಕರೀಬೇಕಂತ ಅವಗ ಗೊತ್ತಿತ್ತಲ್ಲಣ್ಣ. ಮೂರನೇದು ಯಾಕ ಕರೀಲಿಲ್ಲ?”

“ಅದ ನನಗೂ ತಿಳೀವಲ್ದು.”

“ಫೋನಿನ್ಯಾಗ ಇದು ಮುಗಿಯೂದಲ್ಲ. ನೀ ಬಾ. ಅಂವ ನಿಂತ ಜಾಗದಾಗ ನಿಂತು ಕರಿ, ಅದ ಹೊತ್ತಿನ್ಯಾಗ. ನಾ ನಿನ್ನ ಕಲ್ಲಿನ ಮ್ಯಾಲ ಕುಂದರ್ತೀನಿ. ಎಷ್ಟು ಕೇಳಸ್ತೈತಿ ನನಗೂ ನೋಡಬೇಕಾಗೈತಿ.”

ಇದನ್ನು ಮಾಡಿದರೆ ಕರೆ ನಿಂತೀತು, ನಿಂತರೆ ಮತ್ತೆ ಬೋಟು ಹತ್ತಬಹುದು ಎಂಬ ಆಸೆಯಿಂದಲೇ ಓಬಳೆಪ್ಪ ಊರಿಗೆ ಬಂದ. ಆಸೆಯಿಲ್ಲದೆ ಆ ದಂಡೆಗೆ ಕಾಲಿಡಲು ಅವನಿಂದ ಆಗುತ್ತಿರಲಿಲ್ಲ.

ಹರಗೋಲು ಬಂಡೆಯ ಮೇಲೆ ಬೋರಲಾಗಿ ಬಿದ್ದಿತ್ತು. ಅಕ್ಬರನೇ ಹೊರಳಿಸಿ ನೀರಿಗೆ ಹಾಕಿದ. ಓಬಳೆಪ್ಪ ಹುಟ್ಟಿಗೆ ಕೈ ಚಾಚಿದರೆ ಕೊಡಲಿಲ್ಲ. “ನೀ ಕುಂದ್ರು,” ಎಂದ, ಅಷ್ಟೇ. ಅಪ್ಪ ಹೋದಮೇಲೆ ಪಂಪ್ ರಿಪೇರಿ ಅವನೇ ನೋಡಿಕೊಳ್ಳುತ್ತಿದ್ದ. ಕೈ ಗ್ರೀಸಿನಿಂದ ಕಪ್ಪಾಗಿತ್ತು. ಹುಟ್ಟು ಹಾಕಿ ರೂಢಿಯಿಲ್ಲ. ಹರಗೋಲು ನಾಲ್ಕು ಸುತ್ತು ಸುತ್ತಿ ಗಡ್ಡಿ ಮುಟ್ಟಿತು. ಓಬಳೆಪ್ಪನನ್ನು ಇಳಿಸಿ, ಅಕ್ಬರ ವಾಪಸು ಹೋದ.

ಹೊತ್ತು ಮುಳುಗುವುದಕ್ಕೆ ಸ್ವಲ್ಪವೇ ಇತ್ತು. ಓಬಳೆಪ್ಪ ಬಾಳೆ ತೋಟದ ಅಂಚಿಗೆ, ಎಲ್ಲರೂ ನಿಂತು ಕರೆಯುವ ಬಂಡೆಯ ಹತ್ತಿರ ಬಂದ. ಸೂರ್ಯ ಬೆನ್ನಿಗಿದ್ದ. ತಲೆ ಎತ್ತಿ ಆಚೆ ನೋಡಿದ.

ಹಸೀನಾಬೇಗಂ ಕಲ್ಲಿನ ಮೇಲೆ ಕೂತಿದ್ದಳು. ಇಳಿಬಿಸಿಲು ಪೂರಾ ಅವಳ ಮೇಲೆ ಬಿದ್ದಿತ್ತು. ಸೀರೆಯ ಅಂಚು ಕಾಣುತ್ತಿತ್ತು. ಕೈಯಲ್ಲಿ ಸೆರಗಿನ ತುದಿ ತಿರುಚುತ್ತಿದ್ದುದು ಕಾಣುತ್ತಿತ್ತು. ಕಣ್ಣಿಗೆ ಬಿಸಿಲು ಹೊಡೆದು ಅವಳು ಮುಖ ಕಿವುಚಿದ್ದು ಕೂಡ.

ಮೂವತ್ತು ವರ್ಷ ಈ ಗಡ್ಡಿಗೆ ಜನರನ್ನು ಇಳಿಸಿದ್ದ ಓಬಳೆಪ್ಪ, ಇಲ್ಲಿಂದ ಆ ಕಲ್ಲನ್ನು ಸಂಜೆ ಹೊತ್ತಿನಲ್ಲಿ ಎಷ್ಟೋ ಸಲ ನೋಡಿದ್ದ. ಆದರೆ ಯಾವಾಗಲೂ ಖಾಲಿ ಕಲ್ಲನ್ನು. ಅಲ್ಲಿ ಕೂರುವವನು ತಾನೇ ಆದಮೇಲೆ, ಕೂತವನು ಇಲ್ಲಿಗೆ ಹೇಗೆ ಕಾಣುತ್ತಾನೆಂದು ಅವನಿಗೆ ಹೇಗೆ ಗೊತ್ತಾಗಬೇಕು?

ಬಾಯಿಗೆ ಎರಡೂ ಕೈ ಹಿಡಿದು ಕರೆದ.

“ಓ... ಓಬಳ್ಯಾ...”

ತನ್ನ ಹೆಸರನ್ನು ತಾನೇ ಕರೆದದ್ದು ನೀರ ಮೇಲೆ ಹೋಗಿ ಬಂಡೆಗೆ ಬಡಿದು ತಿರುಗಿ ಬಂತು. ಆಚೆ ಹಸೀನಾಬೇಗಂ ಬೆಚ್ಚಿದಳು. ಅರ್ಧ ಎದ್ದಳು. ಆಮೇಲೆ ಕೂತಳು. ಎಲ್ಲವೂ ಕಂಡಿತು.

ಎರಡನೆಯ ಸಲ ಕರೆದ. ಅವಳು ಅಲುಗಾಡಲಿಲ್ಲ.

ಆಗ ಓಬಳೆಪ್ಪನಿಗೆ ಹೊಳೆಯಿತು. ಮರ್ದಾನ ಇಲ್ಲೇ ನಿಂತಿದ್ದ. ಬೀಡಿ ಹಚ್ಚಿದ್ದನ್ನು ನೋಡಿದ್ದಾನೆ. ಕರೆದಾಗ ಗೆಳೆಯ ಅರ್ಧ ಎದ್ದದ್ದನ್ನು ನೋಡಿದ್ದಾನೆ, ಮತ್ತೆ ಕೂತದ್ದನ್ನೂ ನೋಡಿದ್ದಾನೆ. ಕೇಳಿಸಿದೆ, ಆದರೂ ಬರುವುದಿಲ್ಲ ಎಂದು ತಿಳಿದವನು ಮೂರನೆಯ ಸಲ ಯಾಕೆ ಕರೆಯಬೇಕು? ಓಬಳೆಪ್ಪನೂ ಕರೆಯಲಿಲ್ಲ.

ಹಸೀನಾಬೇಗಂ ಸ್ವಲ್ಪ ಹೊತ್ತು ಕಾದು ಎದ್ದು, ಸೀರೆ ಝಾಡಿಸಿಕೊಂಡು, ದಂಡೆಯಲ್ಲಿದ್ದ ಅಕ್ಬರನಿಗೆ ಏನೋ ಹೇಳಿ ಊರ ಕಡೆಗೆ ನಡೆದಳು. ಕರೆಯದಿದ್ದರೂ ಅಕ್ಬರ ಹರಗೋಲು ತಂದ. ಓಬಳೆಪ್ಪ ಹತ್ತಿ ಕೂತ. ಅಕ್ಬರ ಹುಟ್ಟು ಹಾಕುತ್ತ ಅರ್ಧ ಹೊಳೆಗೆ ಬಂದ.

“ಅಮ್ಮೀಗೆ ಛಲೋ ಕೇಳ್ತಂತ,” ಎಂದ ಅಕ್ಬರ. “ಮೈಯಾಗ ಕರೆಂಟ್ ಹೊಡದಂಗ ಆತಂತ. ತಾನೂ ಎದ್ದು ಮತ್ತ ಕುಂತ್ಳಂತ. ಅಂಜಿಕಿ ಬರತೈತಿ, ಓಬಳಣ್ಣಂದೇನೂ ತಪ್ಪಿಲ್ಲ ಅಂದ್ಳು.”

ಇಲ್ಲಿಗೆ ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ಕ್ಷಮೆ ಸಿಕ್ಕಿತ್ತು, ಬೋಟು ಕಾಯುತ್ತಿತ್ತು. ಓಬಳೆಪ್ಪ ಬಾಯಿ ಮುಚ್ಚಿಕೊಂಡೇ ಒಂದಷ್ಟು ದೂರ ಬಂದ. ಆಗಲಿಲ್ಲ.

“ಅಕ್ಬರ, ಅಲ್ಲಿಂದ ಈ ಕಲ್ಲು ಕಾಣತೈತಿ. ನಿಮ್ಮ ಅಮ್ಮೀ ಕೈಯಾಗಿನ ಸೆರಗು ಸೈತ ಕಂಡಿತು.”

ಅಕ್ಬರ ಎರಡು ಸಲ ಹುಟ್ಟು ಹಾಕಿದ. ಮೂರನೆಯದನ್ನು ಹಾಕಲಿಲ್ಲ. ಎತ್ತಿ ಮೊಳಕಾಲ ಮೇಲೆ ಇಟ್ಟುಕೊಂಡ. ನೀರು ಅವನ ಪ್ಯಾಂಟಿನ ಮೇಲೆ ತೊಟ್ಟಿಕ್ಕಿತು. ಹರಗೋಲು ತಾನಾಗಿ ತಿರುಗುತ್ತ, ಕೆಳಗಿನ ಮಡುವಿನ ಕಡೆಗೆ ಸರಿಯತೊಡಗಿತು. ಒಮ್ಮೆ ಗಡ್ಡಿ ಎದುರಿಗೆ ಬರುತ್ತಿತ್ತು, ಒಮ್ಮೆ ಊರು. ಎರಡು ಅಂಗೈಯಿಂದ ನೀರು ತಳ್ಳಿ ದಂಡೆಗೆ ಒಯ್ಯುವುದು ಓಬಳೆಪ್ಪನಿಗೆ ಗೊತ್ತಿತ್ತು. ಅವನು ಕೈಗಳನ್ನು ತೊಡೆಯ ಮೇಲಿಂದ ಎತ್ತಲಿಲ್ಲ. ಮಡುವಿಗೆ ಬೀಳುವ ನೀರಿನ ಸದ್ದು ಹತ್ತಿರವಾಯಿತು.

“ಅಂದ್ರ ಅಬ್ಬಾ ನಿನ್ನ ನೋಡ್ಯಾನ.”

“ನೋಡ್ಯಾನ.”

“ನೀ ಕೇಳಿ ಕುಂತಿದ್ದು ನೋಡ್ಯಾನ.”

“ಹೂಂ.”

ಅಕ್ಬರ ಮುಖವನ್ನು ತೋಳಿಗೆ ಒರೆಸಿಕೊಂಡ. ಆಮೇಲೆ ಹುಟ್ಟನ್ನು ನೀರಿಗೆ ಇಳಿಸಿ, ಸಿಟ್ಟಿನಿಂದ, ಒರಟಾಗಿ, ದಂಡೆ ಮುಟ್ಟುವ ತನಕ ಹಾಕಿದ. ಇಳಿದ ಮೇಲೆ ಹೇಳಿದ: “ಇದನ್ನ ಅಮ್ಮೀಗೆ ಹೇಳಬ್ಯಾಡ. ಆಕಿ ಇಷ್ಟರ ಮ್ಯಾಲೆ ಮಲಗ್ತಾಳ, ಮಲಗ್ಲಿ. ಇದನ್ನ ನೀ ತಗೊಂಡು ಹೋಗು. ನಿನ್ನ ಸಮುದ್ರಕ್ಕ ಒಯ್ಯಿ.”

ಮರುದಿನ ಬೆಳಿಗ್ಗೆ ಗಂಗಾವತಿ ಬಸ್‌ಸ್ಟ್ಯಾಂಡಿನಿಂದ ಓಬಳೆಪ್ಪ ಸೇಸಪ್ಪನಿಗೆ ಫೋನ್ ಮಾಡಿದ. ಹಿಂದಿನ ಸಂಜೆ ದಂಡೆಯಿಂದ ಮನೆಗೆ ನಡೆಯುವಾಗಲೂ ಬೆನ್ನ ಹಿಂದೆ ಎರಡು ಕರೆ ಬಂದಿದ್ದವು. ಇತ್ಯರ್ಥ ಆಯಿತು ಎಂದು ಹೇಳಿದರೆ ಕೆಲಸ ಉಳಿಯುತ್ತದೆ ಎಂದು ಅವನಿಗೆ ಗೊತ್ತಿತ್ತು.

“ಎಂತ ಓಬಳೆಪ್ಪಣ್ಣ, ಕಿವಿ ಸರಿ ಆಯ್ತಾ?”

“ಇಲ್ರಿ ತಾಂಡೇಲ್ರ. ನಿನ್ನಿ ಸಂಜೀಕೂ ಕೇಳಿಸ್ತು. ಇನ್ನ ಅದು ಹೋಗಂಗಿಲ್ಲ ಅನಸ್ತೈತ್ರಿ. ಆದ್ರ ನಾ ಬೋಟ್ ನಿಲ್ಲಸಂಗಿಲ್ಲ. ಬಾಯಿ ಮುಚಿಗೊಂಡು ಇರ್ತೀನಿ.”

ಆ ಕಡೆ ಸುತ್ತಿಗೆಯ ಸದ್ದು, ಯಾರೋ ತುಳುವಿನಲ್ಲಿ ಬೈದದ್ದು ಕೇಳಿಸಿತು.

“ಬಾಯಿ ಮುಚ್ಚುವವರು ನನಗೆ ಬೋಟಿನಲ್ಲಿ ಬೇಡ ಮಾರಾಯ್ರೆ,” ಎಂದ ಸೇಸಪ್ಪ. “ಒಂದು ಕೆಲಸ ಮಾಡಿ. ಕೇಳಿದ ಕೂಡಲೇ ಕ್ಯಾಬಿನ್ನಿಗೆ ಬಂದು ನನಗೆ ಹೇಳಿ. ನನಗೊಬ್ಬನಿಗೆ, ಮೆಲ್ಲ. ದಿನಾ ಕೇಳಿದ್ರೆ ದಿನಾ ಹೇಳಿ. ತಲೆ ಎಣಿಸುದು, ನಿಲ್ಲಿಸುದು, ಬಿಡುದು, ಅದು ನನ್ನ ಮೇಲೆ ಇರ್ಲಿ.”

ಓಬಳೆಪ್ಪ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

“ಕೇಳ್ತಾ ಉಂಟಾ? ಗುರುವಾರ ಬೆಳಿಗ್ಗೆ ಹೊರಡುದು.”

“ಕೇಳ್ತೈತ್ರಿ,” ಎಂದ ಓಬಳೆಪ್ಪ.

ಫೋನನ್ನು ಅಂಗಿಯ ಕಿಸೆಗೆ ಹಾಕಿ, ಕೈಚೀಲ ಎತ್ತಿಕೊಂಡು, ಮಂಗಳೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಲು ಹೋದ.